ಕಳೆ ಕೆಲಸದಲ್ಲಿ ಕಾಲು ಯಾಕೆ ಸೋಲುತ್ತೆ?

ಒಂದು ಎಕರೆ ಉಳುವ ರೈತ ಎಷ್ಟು ದೂರ ನಡೀತಾನೆ ಅಂತ ನೀವು ಲೆಕ್ಕ ಹಾಕಿದ್ದೀರಾ? ಎಕರೆ ಅಂದರೆ 43,560 ಚದರ ಅಡಿ. ಎತ್ತಿನ ನೇಗಿಲ ಸಾಲು 8 ಇಂಚು ಅಗಲ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 65 ಸಾವಿರ ಅಡಿ ಚಿಲ್ಲರೆ ಬರುತ್ತೆ. ಅಂದರೆ ಹೆಚ್ಚುಕಮ್ಮಿ 20 ಕಿಲೋಮೀಟರು. ಸಾಲು 6 ಇಂಚಾದರೆ 26 ಕಿಲೋಮೀಟರು ದಾಟುತ್ತೆ. ಅದೂ ಹೆಂಟೆ ಮೇಲೆ, ಮೇಣಿ ಹಿಡಿದುಕೊಂಡು.

ಈಗ ಈರುಳ್ಳಿ ಹೊಲಕ್ಕೆ ಬನ್ನಿ. ನಮ್ಮ ಹೊಲದಲ್ಲಿ ಎಕರೆ ಕಳೆ ತೆಗೆಯೋಕೆ 15 ಹೆಣ್ಣಾಳು ಬೇಕು. ಒಬ್ಬೊಬ್ಬರು 3 ಅಡಿ ಪಟ್ಟೆ ಹಿಡಿದು ಹೋದರೆ ಒಬ್ಬರ ಪಾಲಿಗೆ ದಿನಕ್ಕೆ ಸಾವಿರ ಅಡಿಯೂ ಬರೋದಿಲ್ಲ.

ಇಪ್ಪತ್ತು ಕಿಲೋಮೀಟರು ನಡೆದವನು ರಾತ್ರಿ ಮುದ್ದೆ ಉಂಡು ಮಲಗಿದರೆ ಬೆಳಿಗ್ಗೆ ಎದ್ದು ಮತ್ತೆ ನೇಗಿಲು ಹೂಡುತ್ತಾನೆ. ಸಾವಿರ ಅಡಿ ಸರಿದವಳು ಸಾಯಂಕಾಲ ಬದುವಿನ ಮೇಲೆ ಕೈಯೂರಿ ಏಳುತ್ತಾಳೆ. ನಾಲ್ಕು ಹೆಜ್ಜೆ ಹಾಕಿದ ಮೇಲೇ ಮಂಡಿ ನೆಟ್ಟಗಾಗೋದು. ಇದನ್ನು ನೋಡಿ ನಮ್ಮ ಗಂಡಸರು "ಕೂತುಕೊಂಡು ಮಾಡೋ ಕೆಲಸಕ್ಕೆ ಇಷ್ಟು ನರಳಾಟವಾ" ಅಂತಾರೆ. ಆ ಮಾತು ತಪ್ಪು. ಕೂತುಕೊಂಡು ಮಾಡೋದರಿಂದಲೇ ಆ ನರಳಾಟ.

ಕಾಲೊಳಗಿನ ಫುಟ್‌ವಾಲ್ವು

ಬಾವಿಗೆ ಪಂಪು ಇಟ್ಟವರಿಗೆ ಇದನ್ನು ಹೇಳೋದು ಸುಲಭ. ಬಾವಿಯಿಂದ ನೀರು ಮೇಲೆ ಬರಬೇಕಾದರೆ ಪಂಪು ತಿರುಗಬೇಕು. ಬಂದ ನೀರು ಕೆಳಗೆ ಜಾರದಂತೆ ಫುಟ್‌ವಾಲ್ವು ತಡೀಬೇಕು. ನಮ್ಮ ಕಾಲಲ್ಲೂ ಇದೇ ಏರ್ಪಾಡು. ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತೆ. ವಾಪಸು ಬರಬೇಕಾದರೆ ಅದು ನಾಲ್ಕು ಅಡಿ ಮೇಲಕ್ಕೆ ಹತ್ತಬೇಕು. ಆ ಕೆಲಸದ ದೊಡ್ಡ ಪಾಲು ಮಾಡೋದು ಮೀನಖಂಡ. ನಡೆಯುವಾಗ ಹೆಜ್ಜೆ ಹೆಜ್ಜೆಗೂ ಮೀನಖಂಡ ಬಿಗಿಯುತ್ತೆ, ಸಡಿಲಾಗುತ್ತೆ. ಬಿಗಿದಾಗ ಒಳಗಿನ ರಕ್ತನಾಳ ಹಿಂಡಿ ರಕ್ತ ಮೇಲೇರುತ್ತೆ. ನಾಳದ ಒಳಗೆ ಅಲ್ಲಲ್ಲಿ ಸಣ್ಣ ಕವಾಟಗಳಿವೆ. ಏರಿದ ರಕ್ತ ಇಳಿಯದ ಹಾಗೆ ಅವು ಮುಚ್ಚಿಕೊಳ್ಳುತ್ತವೆ. ಮೀನಖಂಡಕ್ಕೆ ಡಾಕ್ಟರುಗಳು ಎರಡನೇ ಹೃದಯ ಅಂತ ಕರೆಯೋದು ಇದಕ್ಕೇ.

ಅಲ್ಲಾಡದೆ ನಿಂತರೆ ಹರಡಿನ ಹತ್ತಿರದ ರಕ್ತನಾಳದಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಇರುತ್ತೆ. ನಡೆಯೋಕೆ ಶುರು ಮಾಡಿದ ಹತ್ತಾರು ಹೆಜ್ಜೆಗೇ ಅದು 30ರ ಆಸುಪಾಸಿಗೆ ಇಳಿಯುತ್ತೆ. ಕಾಲು ಅದೇ, ಮೈ ಭಾರವೂ ಅದೇ. ಪಂಪು ಓಡಿತು, ಅಷ್ಟೇ ವ್ಯತ್ಯಾಸ.

ಉಳುವವನ ಪಂಪು ಇಡೀ ದಿನ ಓಡುತ್ತೆ. ಅವನಿಗೆ ಬರೋದು ದುಡಿದ ನೋವು. ಒಂದು ರಾತ್ರಿ ನಿದ್ದೆಗೆ ಹೋಗುವಂಥದ್ದು. ಒಕ್ಕಣೆ ಮೆಷಿನ್ನಿಗೆ ತೆನೆ ಕೊಡೋಕೆ ನಿಂತವನಿಗೆ, ಅಂಗಡಿಯಲ್ಲಿ ತಕ್ಕಡಿ ಹಿಡಿದು ನಿಂತವನಿಗೆ ಅಷ್ಟು ಶ್ರಮ ಇಲ್ಲ. ಆದರೂ ಸಂಜೆಗೆ ಪಾದ ಊದಿಕೊಂಡು ಚಪ್ಪಲಿ ಬಿಗಿ ಆಗಿರುತ್ತೆ. ಅವರ ಪಂಪು ನಿಂತಿತ್ತು.

ಫುಟ್‌ವಾಲ್ವು ಸೋರಿದರೆ ಏನಾಗುತ್ತೆ? ನೀರು ಜಾರಿ ಜಾರಿ ಕೆಳಗೆ ನಿಲ್ಲುತ್ತೆ. ಕಾಲಲ್ಲಿ ಕವಾಟ ಸಡಿಲಾದರೂ ಹೀಗೇ. ನಾಳ ಹಿಗ್ಗಿ, ಹಸಿರು ನೀಲಿ ಬಣ್ಣಕ್ಕೆ ತಿರುಗಿ, ಹಾವು ಸುತ್ತಿದ ಹಾಗೆ ಉಬ್ಬುತ್ತೆ. ಮನೆತನದಿಂದ ಬರೋದುಂಟು, ಬಸುರಿನಲ್ಲಿ ಶುರುವಾಗೋದುಂಟು, ನಿಂತೇ ದುಡಿಯುವವರಿಗೆ ಹೆಚ್ಚು. ಹರಡಿನ ಮೇಲೆ ಚರ್ಮ ಕಪ್ಪಾಗಿ ತುರಿಕೆ ಬಂತು ಅಂದರೆ ಕಾಯಬಾರದು. ಅಲ್ಲಿ ಆದ ಗಾಯ ತಿಂಗಳುಗಟ್ಟಲೆ ಮಾಯೋದಿಲ್ಲ.

ಕುಕ್ಕರುಗಾಲಲ್ಲಿ ಆಗೋದೇ ಬೇರೆ

ನಮ್ಮ ಲಿಂಗದಹಳ್ಳಿಯಿಂದ ಪಶ್ಚಿಮಕ್ಕೆ ನೋಡಿದರೆ ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿಯ ಸಾಲು. ಗುಡ್ಡದಲ್ಲಿ ಸುರಿಯುವ ಮಳೆ ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ತೆಳ್ಳಗಾಗಿರುತ್ತೆ. ಅಜ್ಜಂಪುರ, ಶಿವನಿ ಕಡೆ ಹೋದಂತೆ ಇನ್ನೂ ಕಡಿಮೆ. ಈ ಮಳೆ ನಂಬಿ ಹಾಕುವ ಬೆಳೆಯಲ್ಲಿ ದುಡ್ಡು ತರೋದು ಈರುಳ್ಳಿ. ಮಡಿ ಮಾಡಿ ನಾಟಿ ಹಾಕುವ ಊರುಗಳೂ ಇವೆ. ಖುಷ್ಕಿಯಲ್ಲಿ ನಾವು ಬೀಜವನ್ನೇ ಕೂರಿಗೆಯಲ್ಲಿ ಬಿತ್ತೋದು. ಪೈರು ದಟ್ಟ, ಸಾಲು ಇಕ್ಕಟ್ಟು, ಜತೆಗೇ ಹುಟ್ಟುವ ಕಳೆ. ಈರುಳ್ಳಿಯ ಎಲೆ ಕಡ್ಡಿ ಹಾಗೆ ಇರೋದರಿಂದ ಕಳೆಗೆ ನೆರಳು ಮಾಡಿ ಅಡಗಿಸೋ ಶಕ್ತಿ ಅದಕ್ಕಿಲ್ಲ. ಎರಡು ಮೂರು ಸಲ ಕೈಕಳೆ ಆಗಲೇಬೇಕು. ಆ ಕೆಲಸ ಪೂರಾ ಕುಕ್ಕರುಗಾಲಲ್ಲಿ.

ಕುಕ್ಕರುಗಾಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹಾಲು ಕರೆಯೋದು, ಒಲೆ ಊದೋದು, ಬಯಲಿಗೆ ಹೋಗೋದು ಎಲ್ಲಾ ಅದರಲ್ಲೇ ನಡೆದು ಬಂದಿದೆ. ಹತ್ತು ನಿಮಿಷ ಕೂತು ಏಳುವವರಿಗೆ ಅದು ಒಳ್ಳೇ ವ್ಯಾಯಾಮ. ತೊಂದರೆ ಇರೋದು ಬೆಳಿಗ್ಗೆ ಹತ್ತಕ್ಕೆ ಕೂತು ಒಂದೂವರೆಗೆ ಏಳುವುದರಲ್ಲಿ. 2004ರಲ್ಲಿ ಚೀನಾದ ಬೀಜಿಂಗ್‌ನ ವಯಸ್ಸಾದವರನ್ನು ಪರೀಕ್ಷೆ ಮಾಡಿದ ವರದಿ ಬಂತು. ಪ್ರಾಯದಲ್ಲಿ ದಿನಾ ಹೆಚ್ಚು ಹೊತ್ತು ಕುಕ್ಕರುಗಾಲಲ್ಲಿ ಕೂತವರಲ್ಲಿ ಮಂಡಿ ಸವೆತ ಜಾಸ್ತಿ ಕಂಡಿತ್ತು. ಅಲ್ಲೂ ಪ್ರಶ್ನೆ ಎಷ್ಟು ಹೊತ್ತು ಅನ್ನೋದೇ.

ಕುಕ್ಕರುಗಾಲಲ್ಲಿ ಕೂತಾಗ ತೊಡೆ ಬಂದು ಮೀನಖಂಡದ ಮೇಲೆ ಕೂರುತ್ತೆ. ಮಂಡಿ ಹಿಂದೆ ರಕ್ತನಾಳ ಮಡಚಿಕೊಳ್ಳುತ್ತೆ. ಬಗ್ಗಿದ ಪೈಪಿನಲ್ಲಿ ನೀರು ಕಡಿಮೆ ಆದ ಹಾಗೆ. ಮೀನಖಂಡ ಅಲ್ಲಾಡೋದಿಲ್ಲ, ಪಂಪೂ ಇಲ್ಲ. ಇಷ್ಟಾದರೆ ಎದ್ದು ಓಡಾಡಿದರೆ ಸರಿಹೋಗುತ್ತೆ. ಇನ್ನೊಂದು ಇದೆ, ಅದೇ ಅಪಾಯದ್ದು.

ನಾವು ರಕ್ತನಾಳಕ್ಕೂ ನರ ಅಂತೀವಿ, ನಿಜವಾದ ನರಕ್ಕೂ ನರ ಅಂತೀವಿ. ಇಲ್ಲಿ ಹೇಳ್ತಿರೋದು ನಿಜವಾದ ನರ, ಮೆದುಳಿನ ಸುದ್ದಿ ಸ್ನಾಯುವಿಗೆ ಒಯ್ಯುವ ತಂತಿ. ನಿಮ್ಮ ಮಂಡಿಯ ಹೊರಮಗ್ಗುಲಲ್ಲಿ, ಚಿಪ್ಪಿನಿಂದ ಸ್ವಲ್ಪ ಕೆಳಗೆ ಕೈಯಿಟ್ಟು ನೋಡಿ. ಒಂದು ಮೂಳೆ ಗಂಟು ಸಿಗುತ್ತೆ. ಪಾದವನ್ನು ಮೇಲೆತ್ತುವ ನರ ಆ ಗಂಟಿನ ಕೆಳಗೆ ಸುತ್ತಿಕೊಂಡು ಮುಂದೆ ಬರುತ್ತೆ. ಅಲ್ಲಿ ಅದರ ಮೇಲೆ ಮಾಂಸ ಇಲ್ಲ, ಬರೀ ಚರ್ಮ. ಕುಕ್ಕರುಗಾಲಲ್ಲಿ ಕೂತಾಗ ಈ ನರ ಒಂದು ಕಡೆ ಎಳೆಯುತ್ತೆ, ಇನ್ನೊಂದು ಕಡೆ ಒತ್ತಿಕೊಳ್ಳುತ್ತೆ. ಕಾಲು ಜೋಮು ಹಿಡಿಯೋದು ನರ "ಸಾಕು, ಏಳು" ಅಂತ ಹೇಳುವ ಮಾತು. ನಮ್ಮ ಹೆಂಗಸರು ಜೋಮನ್ನು ಲೆಕ್ಕಕ್ಕೇ ಇಡೋದಿಲ್ಲ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕಿ ಕೆಲಸ ಮುಂದುವರಿಸುತ್ತಾರೆ.

ನಮ್ಮ ಊರಲ್ಲೇ ಒಬ್ಬ ಹೆಣ್ಣುಮಗಳು ಎಂಟು ದಿನ ಗುತ್ತಿಗೆ ಕಳೆಗೆ ಹೋಗಿದ್ದಳು. ಒಂಬತ್ತನೇ ದಿನ ಬಲಗಾಲ ಚಪ್ಪಲಿ ಜಾರಿ ಜಾರಿ ಹೋಗೋಕೆ ಶುರು. ಪಾದ ಮೇಲೆತ್ತೋಕೆ ಬರ್ತಿಲ್ಲ, ನಡೆದರೆ ಬೆರಳು ನೆಲಕ್ಕೆ ಒರಸುತ್ತೆ. ನೋವಂತೂ ಇಲ್ಲವೇ ಇಲ್ಲ. ಎಲ್ಲರೂ ಲಕ್ವ ಅಂದರು. ಒಂದು ಕಡೆ ಎಣ್ಣೆ ಉಜ್ಜಿಸಿದರು, ಇನ್ನೊಂದು ಕಡೆ ಸೂಜಿ ಹಾಕಿಸಿದರು. ಹದಿನೈದು ದಿನ, ಕೈಲಿದ್ದ ಕೂಲಿ ದುಡ್ಡು, ಎರಡೂ ಹೋದವು. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ನರದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ಕೆಲಸ ಮಾಡ್ತೀಯಮ್ಮ, ಕೂತು ಮಾಡೋದಾ?" ಅವರೇ ಕಾಗದದ ಮೇಲೆ ಆ ಮೂಳೆಗಂಟು, ನರದ ಚಿತ್ರ ಬರೆದು ತೋರಿಸಿದರು. ಕುಕ್ಕರುಗಾಲು ನಿಲ್ಲಿಸು, ಪಾದ ಜೋಲದ ಹಾಗೆ ಪಟ್ಟಿ ಹಾಕಿಕೋ, ದಿನಾ ಈ ವ್ಯಾಯಾಮ ಮಾಡು ಅಂದರು. ಮೂರು ತಿಂಗಳಿಗೆ ಪಾದ ಎದ್ದಿತು. ಆ ಮೂರು ತಿಂಗಳ ಕೂಲಿ ಯಾರೂ ಕೊಡಲಿಲ್ಲ.

ಇದು ನಮ್ಮಲ್ಲಿ ಮಾತ್ರ ಬರುವ ಕಾಯಿಲೆ ಅಲ್ಲ. ಹೊರದೇಶದ ವೈದ್ಯರು ಇದಕ್ಕೆ "ಸ್ಟ್ರಾಬೆರಿ ಕೀಳುವವರ ಲಕ್ವ" ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಹಣ್ಣು ಕೀಳೋದೂ ಹೀಗೇ ಕೂತೇ. ತೆಳ್ಳಗಿರುವವರಿಗೆ ಹೆಚ್ಚು ಬರುತ್ತೆ, ಯಾಕೆಂದರೆ ನರದ ಸುತ್ತ ಕೊಬ್ಬಿನ ದಿಂಬು ಇರೋದಿಲ್ಲ. ಸಕ್ಕರೆ ಕಾಯಿಲೆ ಇದ್ದವರೂ ಹುಷಾರಾಗಿರಬೇಕು. ಬೇಗ ಗೊತ್ತಾಗಿ ಒತ್ತಡ ತಪ್ಪಿಸಿದರೆ ಬಹಳ ಜನಕ್ಕೆ ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ವಾಸಿಯಾಗುತ್ತೆ. ಜೋಲುವ ಪಾದದಲ್ಲೇ ಮತ್ತೆ ಕಳೆಗೆ ಹೋದರೆ ನರ ಪೂರಾ ಸಾಯಬಹುದು.

ಆದರೆ ಪಾದ ಜೋಲಿದ್ದೆಲ್ಲ ಇದೇ ಅಂತ ಮನೇಲಿ ಕೂರಬೇಡಿ. ಕೈ, ಬಾಯಿ, ಮಾತು ಜತೆಗೇ ಸೊಟ್ಟಗಾದರೆ ಅದು ಮೆದುಳಿನದು, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದ್ದು ಪಾದ ಜೋಲಿದರೆ ಕುಷ್ಠ ಇರಬಹುದು. ಅದೂ ಇದೇ ನರ ಹಿಡಿಯುತ್ತೆ. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ನಾಚಿಕೆ ಬೇಡ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಒತ್ತಿದರೆ ನೋವು ಅಂದರೆ ಉಜ್ಜಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಪಾದ ಬೆಳಿಗ್ಗೆ ಏಳುವಾಗಲೇ ಊದಿದ್ದು, ಬೆರಳೊತ್ತಿದರೆ ಕುಳಿ ಬಿದ್ದರೆ, ಮುಖವೂ ಬೀಗಿದ್ದರೆ ಅದು ಕೆಲಸದ ಊತ ಅಲ್ಲ. ಕೆಲಸದ ಊತ ರಾತ್ರಿ ಮಲಗಿದರೆ ಇಳಿಯುತ್ತೆ.

ಬಗ್ಗಿ ಮಾಡುವವರ ಕಥೆ

ರಾಗಿ ಕೊಯ್ಲು ಬಗ್ಗಿ ಮಾಡುವ ಕೆಲಸ. ಕಾಲು ನೆಟ್ಟಗೆ, ಸೊಂಟ ಮಡಚಿ, ತಲೆ ಕೆಳಗೆ. ನೋವು ಸೊಂಟಕ್ಕೆ ಅಂತ ನಾವು ತಿಳಿದಿರ್ತೀವಿ. ತೊಡೆ ಹಿಂಭಾಗದ ಸ್ನಾಯು ಮೈಯ ಮೇಲ್ಭಾಗದ ಭಾರ ಎಲ್ಲಾ ಹಗ್ಗದ ಹಾಗೆ ಎಳೆದು ಹಿಡಿದಿರುತ್ತೆ. ಬಿಗಿದೇ ಇರುವ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಹರಿಯೋದಿಲ್ಲ. ಹಿಡಿದ ಕೊಡ ಅಲ್ಲೇ ಹಿಡಿದು ನಿಲ್ಲಿ ಅಂದರೆ ಐದು ನಿಮಿಷಕ್ಕೆ ತೋಳು ನಡುಗುತ್ತೆ, ಅದೇ ಕೊಡ ಎತ್ತಿ ಇಳಿಸಿ ಮಾಡಿದರೆ ಅರ್ಧ ಗಂಟೆ ಮಾಡಬಹುದು. ಅದೇ ಲೆಕ್ಕ ಇಲ್ಲೂ. ಈಗ ರಾಗಿಗೆ ಮೆಷಿನ್ನು ಬಂದಿರೋದರಿಂದ ಬಯಲು ಹೊಲದವರಿಗೆ ಈ ಕಷ್ಟ ಕಡಿಮೆ. ತುಂಡು ಹೊಲದವರಿಗೆ ಕುಡುಗೋಲೇ ಗತಿ.

ಬಗ್ಗಿಸುವುದು ಎಷ್ಟೋ ಸಲ ಬೆಳೆ ಅಲ್ಲ, ಹಿಡಿಯ ಉದ್ದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೂಲಿಗಳಿಗೆ ಮೊಳದುದ್ದದ ಗಿಡ್ಡ ಹಿಡಿಯ ಗುದ್ದಲಿ ಕೊಡ್ತಿದ್ದರು. ಗಿಡ್ಡ ಹಿಡಿ ಆದರೆ ಕೆಲಸ ನಾಜೂಕು ಅಂತ ಮಾಲೀಕರ ವಾದ. ಬಗ್ಗಿದ್ದವನು ಕೆಲಸದಲ್ಲಿದ್ದಾನೆ, ನೆಟ್ಟಗಾದವನು ಮೈಗಳ್ಳ ಅಂತ ದೂರದಿಂದಲೇ ಕಾಣುತ್ತಿತ್ತು ಅನ್ನೋದು ಕೂಲಿಗಳ ಮಾತು. ಸೊಂಟ ಕಳಕೊಂಡ ಕೂಲಿಗಳು ಕೋರ್ಟಿಗೆ ಹೋದರು. 1975ರಲ್ಲಿ ಆ ಗುದ್ದಲಿ ನಿಷೇಧ ಆಯಿತು. ನಮ್ಮ ಹೊಲದಲ್ಲಿ ಆ ಮೇಸ್ತ್ರಿಯ ಕಣ್ಣು ಇಲ್ಲ ಅಂತ ಎದೆ ಮುಟ್ಟಿ ಹೇಳೋಕಾಗುತ್ತಾ? ಕಳೆ ತೆಗೆಯುವ ಹೆಂಗಸು ಎರಡು ಸಲ ಎದ್ದು ನಿಂತರೆ ಬದುವಿನಿಂದ ಕೂಗು ಬರುತ್ತೆ.

ನಾವು ಮಾಡಿಕೊಂಡಿರುವ ಏರ್ಪಾಡು

ಹೊಲದಲ್ಲಿ ಪಟ್ಟೆ ಉದ್ದ ಇದ್ದಷ್ಟೂ ಕೂತವರು ಏಳೋದಿಲ್ಲ, ಪಕ್ಕದವಳಿಗಿಂತ ಹಿಂದೆ ಬೀಳ್ತೀನಿ ಅನ್ನುವ ಹೆದರಿಕೆ. ಅದಕ್ಕೆ ನಾವು ಹೊಲಕ್ಕೆ ಅಡ್ಡ ಹಗ್ಗ ಎಳೆದು 40 ಅಡಿಗೆ ಒಂದು ಗುರುತು ಮಾಡ್ತೀವಿ. ಗುರುತಿಗೆ ಬಂದವರು ಕಿತ್ತ ಕಳೆ ಮಂಕರಿ ಎತ್ತಿಕೊಂಡು ಬದುವಿಗೆ ತಾವೇ ಹಾಕಿ ಬರಬೇಕು. ಕೆಲವರು ಕಳೆ ಹೊರೋಕೆ ಅಂತಲೇ ಒಬ್ಬ ಹುಡುಗನನ್ನು ಬಿಡ್ತಾರೆ, ಹೆಂಗಸರ ಹೊತ್ತು ಉಳೀತು ಅಂತ ಲೆಕ್ಕ. ಆ ನಡಿಗೆಯೇ ಅವರ ಪಂಪು. ಮಂಕರಿ ಹೊತ್ತು ಹೋಗಿ ಬರೋದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತೆ. ಮಧ್ಯಾಹ್ನದ ಮೇಲೆ ಕೈ ನಿಧಾನ ಆಗೋದು ತಪ್ಪಿರೋದರಿಂದ ಸಂಜೆ ಲೆಕ್ಕಕ್ಕೆ ನಮಗೆ ನಷ್ಟ ಕಂಡಿಲ್ಲ. ಮೊದಲೂ 15 ಆಳು, ಈಗಲೂ 15 ಆಳು.

ಎರಡನೆಯದು ಕೂರೋಕೆ ಒಂದು ಆಸರೆ. ಸಿಮೆಂಟ್ ಚೀಲಕ್ಕೆ ರಾಗಿಹುಲ್ಲು ಗಟ್ಟಿಯಾಗಿ ತುಂಬಿ ಹೊಲಿದರೆ 5-6 ಇಂಚು ಎತ್ತರದ ದಿಂಬು ಆಗುತ್ತೆ. ಕೂತರೆ ಭಾರ ಕುಂಡಿಗೆ ಬೀಳುತ್ತೆ, ಮಂಡಿ ಪೂರ್ತಿ ಮಡಚೋದಿಲ್ಲ. ಹಗ್ಗ ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡರೆ ಸರಿದಾಗ ಹಿಂದೇ ಬರುತ್ತೆ. ಮೊದಲು ನಮ್ಮ ಹೆಂಗಸರು ನಕ್ಕರು, ಬಾಲ ಅಂದರು. ಪೈರು ಸಣ್ಣದಿರುವಾಗ ಇದು ನಡೆಯುತ್ತೆ. ಎಲೆ ಎತ್ತರ ಆದ ಮೇಲೆ ಪೈರು ಮುರಿಯುತ್ತೆ. ಆಗ ಒಂದು ಮಂಡಿ ಊರಿ ಕೂರೋದು, ಗುರುತಿನಿಂದ ಗುರುತಿಗೆ ಕಾಲು ಬದಲಾಯಿಸೋದು. ಮಂಡಿ ಕೆಳಗೆ ಹಳೇ ಚೀಲದ ಮಡಿಕೆ ಇರಲಿ.

ಜೋಮು ಬಂತು ಅಂದರೆ ಎದ್ದು ನಿಂತು ಹಿಮ್ಮಡಿಯನ್ನು ಹತ್ತು ಸಲ ಮೇಲೆತ್ತಿ ಇಳಿಸಬೇಕು. ನಿಂತು ಮಾಡುವ ಕೆಲಸದವರಿಗೂ ಇದೇ ಮದ್ದು. ಮೆಷಿನ್ನಿನ ಮುಂದೆ ನಿಂತಾಗ ಒಂದು ಕಲ್ಲು ಇಟ್ಟುಕೊಂಡು ಆ ಕಾಲು ಈ ಕಾಲು ಬದಲಿಸಿ ಇಡೋದೂ ಹಿತ.

ಹಿಡಿ ಉದ್ದ ಮಾಡೋಕೆ ಖರ್ಚೇ ಇಲ್ಲ. ಕಳೆಗುದ್ದಲಿ ಹಿಡಿ ಹಿಡಿಯುವವರ ಎದೆಮಟ್ಟ ಇರಬೇಕು. ಸೈಕಲ್ ವೀಡರಿನ ಹಿಡಿ ಸೊಂಟದ ಮಟ್ಟಕ್ಕೆ ಬರಬೇಕು. ಕಮ್ಮಾರರು, ವೆಲ್ಡಿಂಗಿನವರು ಗಂಡಸರ ಅಳತೆಗೆ ಮಾಡಿ ಇಡ್ತಾರೆ, ತಳ್ಳುವವರು ಹೆಂಗಸರು. ಹಿಡಿ ಎತ್ತರ ಆದರೆ ತೋಳು ಸೋಲುತ್ತೆ, ಭಾರ ಆದರೆ ಮೂಲೆಗೆ ಬೀಳುತ್ತೆ. ಅಂಗಡಿಗೆ ಹೋಗುವಾಗ ಅವರನ್ನೇ ಕರಕೊಂಡು ಹೋಗಿ ನಿಲ್ಲಿಸಿ ಅಳತೆ ಹಾಕಿಸಿ.

ಕುಕ್ಕರುಗಾಲನ್ನೇ ತಪ್ಪಿಸುವ ದಾರಿ ಸಾಲಿನ ಅಂತರದಲ್ಲಿದೆ. ಹಾವೇರಿ ಕಡೆಯ ರೈತರ ಗುಳಿ ರಾಗಿ ನೋಡಿ. ಒಂದೂವರೆ ಅಡಿಗೊಂದು ಗುಳಿ, ಉದ್ದಕ್ಕೂ ಅಡ್ಡಕ್ಕೂ ಎಡೆಕುಂಟೆ ಹೊಡೀತಾರೆ. ಕೈಕಳೆ ಬಹಳಷ್ಟು ಉಳಿಯುತ್ತೆ, ಕೆಲಸ ಎಲ್ಲಾ ನಡೆದೇ ಆಗುತ್ತೆ. ಈರುಳ್ಳಿಗೆ ಅಷ್ಟು ಜಾಗ ಬಿಟ್ಟರೆ ಗಿಟ್ಟೋದಿಲ್ಲ. ನಾವು ಕೂರಿಗೆ ತಾಳು ಹೊಂದಿಸಿ ನಾಲ್ಕು ಸಾಲಿಗೊಂದು 10 ಇಂಚಿನ ದಾರಿ ಬಿಡ್ತಿದ್ದೀವಿ. ಆ ದಾರಿಯಲ್ಲಿ ವೀಡರು ಓಡುತ್ತೆ, ಹೆಂಗಸರಿಗೆ ಕಾಲಿಡೋಕೂ ಜಾಗ. ಅಕ್ಕಪಕ್ಕದ ಗೆಡ್ಡೆ ಸ್ವಲ್ಪ ದಪ್ಪ ಬರೋದರಿಂದ ಬಿಟ್ಟ ಜಾಗದ ನಷ್ಟ ಕೆಲವು ಪಾಲು ತುಂಬುತ್ತೆ, ಪೂರ್ತಿ ತುಂಬುತ್ತೆ ಅಂತ ಹೇಳೋಲ್ಲ.

ಕಿತ್ತ ಮೇಲೆ ಈರುಳ್ಳಿ ಎಲೆ ಕೊಯ್ಯುವ ಕೆಲಸ ಚೀಲದ ಲೆಕ್ಕದ್ದು. ಬೇಗ ಚೀಲ ತುಂಬಬೇಕು ಅಂತ ಅಲ್ಲಾಡದೆ ಕೂರ್ತಾರೆ. ಇಲ್ಲಿ ಕುಕ್ಕರುಗಾಲಿನ ಅಗತ್ಯವೇ ಇಲ್ಲ. ಅರ್ಧ ಅಡಿ ಮಣೆ, ಕಾಲು ಮುಂದಕ್ಕೆ ಚಾಚಿಕೊಂಡರೆ ಆಯಿತು. ಮಲೆನಾಡಿನವರು ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವಾಗಲೂ ಕಾಲು ಮಡಚಿ ರಾತ್ರಿ ಎಲ್ಲಾ ಕೂರೋದನ್ನು ಕಂಡಿದ್ದೀನಿ. ಅವರಿಗೂ ಇದೇ ಮಾತು.

ನೀರು, ಮಾತ್ರೆ, ರಾತ್ರಿಯ ಹಿಡಿತ

ಹೆಂಗಸರು ಹೊಲದಲ್ಲಿ ನೀರು ಕುಡಿಯೋದೇ ಕಡಿಮೆ. ಕಾರಣ ಎಲ್ಲರಿಗೂ ಗೊತ್ತು, ಒಂದಕ್ಕೆ ಹೋಗೋಕೆ ಮರೆ ಇಲ್ಲ. ಬಿಸಿಲಲ್ಲಿ ಬೆವರಿ ನೀರಿಲ್ಲದೆ ಕೆಲಸ ಮಾಡಿದರೆ ಸುಸ್ತು ದುಪ್ಪಟ್ಟು. ನಾಲ್ಕು ಗೂಟ, ಹಳೇ ಸೀರೆ ಇದ್ದರೆ ಹೊಲದ ಮೂಲೆಯಲ್ಲಿ ಮರೆ ಆಗುತ್ತೆ. ಇದು ಕಾಲಿನ ಲೇಖನಕ್ಕೆ ಯಾಕೆ ಅನ್ನಬೇಡಿ. ಅಷ್ಟು ದೂರ ನಡೆದು ಹೋಗಿ ಬರೋದೂ ಕಾಲಿಗೆ ಒಳ್ಳೇದು.

ರಾತ್ರಿ ಮೀನಖಂಡ ಹಿಡಿದರೆ ಕಾಲು ನೀಡಿ ಪಾದದ ಬೆರಳನ್ನು ಮೈ ಕಡೆಗೆ ಎಳೆದು ಹಿಡಿಯಿರಿ, ಬಿಡುತ್ತೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡೋದು ಹಿತ. ಹಿತ ಕೊಡೋದು ಬಿಸಿ, ಉಪ್ಪಲ್ಲ. ಸಕ್ಕರೆ ಕಾಯಿಲೆಯವರು ಬಿಸಿನೀರಿಗೆ ಮೊದಲು ಕೈ ಇಟ್ಟು ನೋಡಲಿ, ಅವರ ಪಾದಕ್ಕೆ ಸುಟ್ಟಿದ್ದು ಗೊತ್ತಾಗೋದಿಲ್ಲ. ಊತ ಬರುವವರು ಮಂಚದ ಕಾಲ ಕಡೆ ಎರಡು ಇಟ್ಟಿಗೆ ಕೊಟ್ಟು ಮಲಗಿದರೆ ರಕ್ತ ತಾನಾಗಿ ಇಳಿದು ಬರುತ್ತೆ. ಎದೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಹೀಗೆ ಮಾಡಬಾರದು.

ಕಳೆ ಕಾಲದಲ್ಲಿ ನಮ್ಮೂರ ಅಂಗಡಿಗಳಲ್ಲಿ ಬೀಡಿ ಬೆಂಕಿಪೊಟ್ಟಣಕ್ಕಿಂತ ಹೆಚ್ಚು ಖರ್ಚಾಗೋದು ನೋವಿನ ಮಾತ್ರೆ. ಬೆಳಿಗ್ಗೆ ಒಂದು ನುಂಗಿ ಹೊಲಕ್ಕೆ ಹೋಗ್ತಾರೆ. ಆ ಮಾತ್ರೆ ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ನೀರು ಕುಡಿಯದ ಮೈಯಲ್ಲಿ ಕಿಡ್ನಿಗೂ ಏಟು. ಇನ್ನೊಂದು ಕೆಡುಕು, ಜೋಮು ನೋವಿನ ಮೂಲಕ ಕಾಲು ಹೇಳೋ ಮಾತು ಕೇಳಿಸೋದೇ ಇಲ್ಲ. ಸುಸ್ತು ಯಾವಾಗಲೂ ಇರುವ ಹೆಂಗಸರು ಮಾತ್ರೆ ಬಿಟ್ಟು ಮೊದಲು ರಕ್ತ ಪರೀಕ್ಷೆ ಮಾಡಿಸಲಿ. ರಕ್ತ ಕಡಿಮೆ ಇದ್ದರೆ ಕಬ್ಬಿಣದ ಗುಳಿಗೆ ಆರೋಗ್ಯ ಕೇಂದ್ರದಲ್ಲೇ ಸಿಗುತ್ತೆ.

ಗುತ್ತಿಗೆ ಕಳೆಗೆ ಆಳು ಕಳಿಸುವ ಮೇಸ್ತ್ರಿಗಳು ನಮ್ಮ ಹಗ್ಗದ ಗುರುತನ್ನು ಇನ್ನೂ ಒಪ್ಪಿಲ್ಲ. ಎಕರೆಗೆ ಇಷ್ಟು ಅಂತ ಮಾತಾಡಿದ ಮೇಲೆ ಹೆಂಗಸರು ಎಷ್ಟು ಸಲ ಎದ್ದರು ಅನ್ನೋದು ನಿಮಗೆ ಯಾಕೆ ಅಂತಾರೆ. ಹಾಗಾಗಿ ನಾವು ಈಗ ದಿನಗೂಲಿಗೆ ಕರೆಯೋದೇ ಹೆಚ್ಚು. ದಿನಗೂಲಿಯಲ್ಲಾದರೆ ಯಾವಾಗ ಏಳಬೇಕು ಅನ್ನೋದನ್ನು ಹೆಂಗಸರೇ ನಿರ್ಧರಿಸ್ತಾರೆ, ಹಗ್ಗದ ಗುರುತು 40 ಅಡಿ ಬೇಡ, 30 ಇರಲಿ ಅಂತ ಹೋದ ಮುಂಗಾರಿನಲ್ಲಿ ಅವರೇ ಹೇಳಿ ಮಾಡಿಸಿಕೊಂಡರು.